ವಾಕ್ಯವೃಂದದ ವಿಷಯವೂ ಸಂಗತಿಯೂ: ಕಾನೂನು ಪ್ರವೇಶ ಪರೀಕ್ಷೆಯ ಗದ್ಯಭಾಗಗಳ ಓದನ್ನು ಕುರಿತು

ಸಾರಾಂಶ

ಕಾನೂನು ಪದವಿಯ ಪ್ರವೇಶ ಪರೀಕ್ಷೆಗಳಲ್ಲಿ ‘ಈ ವಾಕ್ಯವೃಂದದ ಪಾತ್ರವೇನು’ ಎಂಬ ಬಗೆಯ ಪ್ರಶ್ನೆ ನೇರವಾಗಿಯೋ ಪರೋಕ್ಷವಾಗಿಯೋ ಬರುತ್ತದೆ. ವಾಕ್ಯವೃಂದದ ಅರ್ಥವನ್ನು ಸರಿಯಾಗಿ ಗ್ರಹಿಸಿದವರೂ ಇಲ್ಲಿ ತಪ್ಪು ಉತ್ತರವನ್ನು ಆರಿಸುವುದುಂಟು. ಪಾತ್ರವು ಒಂದು ಸಂಬಂಧವೆಂದೂ ಅದನ್ನು ‘ಯಾರ ಮಾತು, ಯಾವುದನ್ನು ಕುರಿತ ಮಾತು, ಅಲ್ಲಿ ಮಾಡುವ ಕೆಲಸವೇನು’ ಎಂಬ ಮೂರು ಪ್ರಶ್ನೆಗಳಿಂದ ನಿರ್ಧರಿಸಬಹುದೆಂದೂ ಈ ಲೇಖನ ಪ್ರತಿಪಾದಿಸುತ್ತದೆ. ಪರರ ಅಭಿಪ್ರಾಯವನ್ನು ಗುರುತಿಸುವ ಗುರುತುಗಳು ಕನ್ನಡದಲ್ಲಿ ಮಾತಿನ ಕೊನೆಯಲ್ಲಿಯೂ ಇಂಗ್ಲಿಷಿನಲ್ಲಿ ಮೊದಲಲ್ಲಿಯೂ ಬರುವುದರಿಂದ ಕನ್ನಡ ಮಾಧ್ಯಮದ ಓದುಗರಿಗೆ ಎದುರಾಗುವ ತೊಡಕನ್ನು ವಿವರಿಸಿ, ಶಾಲೆಯ ಸಂದರ್ಭ-ಸ್ವಾರಸ್ಯ ಪ್ರಶ್ನೆಗಳ ಅಭ್ಯಾಸವು ಆ ತೊಡಕಿಗೆ ಪರಿಹಾರವಾಗಬಲ್ಲುದೆಂದು ಸೂಚಿಸುತ್ತದೆ.

ಪ್ರಮುಖ ಪದಗಳು: ವಾಕ್ಯವೃಂದ, ಸಂಕಥನ ವಿಶ್ಲೇಷಣೆ, ಉದ್ಧರಣಸೂಚಕ, ಪೂರ್ವಪಕ್ಷ, ಓದಿನ ಗ್ರಹಿಕೆ, ಕ್ಲ್ಯಾಟ್

1. ಪೀಠಿಕೆ

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ ಸೇರಿದಂತೆ ದೇಶದ ಬಹುಪಾಲು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಐದು ವರ್ಷಗಳ ಪದವಿಗೆ ವಿದ್ಯಾರ್ಥಿಗಳನ್ನು ಆಯ್ದುಕೊಳ್ಳುವುದು ‘ಕ್ಲ್ಯಾಟ್’ ಎಂದು ಪರಿಚಿತವಾದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. 2008ರಲ್ಲಿ ಆರಂಭವಾದ ಈ ಪರೀಕ್ಷೆಯ ಸ್ವರೂಪ 2020ರಲ್ಲಿ ಬದಲಾಯಿತು. ನೆನಪಿನಿಂದ ಉತ್ತರಿಸುವ ಬಿಡಿ ಪ್ರಶ್ನೆಗಳು ಹಿಂದೆ ಸರಿದು, ಸುಮಾರು 450 ಪದಗಳ ಗದ್ಯಭಾಗವನ್ನು ಓದಿ ಉತ್ತರಿಸುವ ಪ್ರಶ್ನೆಗಳು ಮುಂದೆ ಬಂದವು. ಇಂಗ್ಲಿಷ್ ವಿಭಾಗ ಮಾತ್ರವಲ್ಲದೆ ಕಾನೂನು ವಿವೇಚನೆ, ತಾರ್ಕಿಕ ವಿವೇಚನೆ ಮತ್ತು ಪ್ರಚಲಿತ ವಿದ್ಯಮಾನಗಳ ವಿಭಾಗಗಳೂ ಗದ್ಯಭಾಗಗಳನ್ನೇ ಆಧರಿಸಿವೆ. ಈಗ 120 ಪ್ರಶ್ನೆಗಳಿಗೆ 120 ನಿಮಿಷಗಳ ಅವಧಿಯಿದ್ದು, ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯಲಾಗುತ್ತದೆ. ಗದ್ಯಭಾಗ ಓದುವ ಸಮಯವೂ ಆ 120 ನಿಮಿಷಗಳಲ್ಲೇ ಅಡಕವಾಗಿದೆ.

ಅಮೆರಿಕದ ಕಾನೂನು ಶಾಲೆಗಳ ಪ್ರವೇಶಕ್ಕಾಗಿ 1948ರಿಂದ ನಡೆಯುತ್ತಿರುವ ‘ಎಲ್‌ಸ್ಯಾಟ್’ ಪರೀಕ್ಷೆಯಲ್ಲಿ ‘ಎರಡನೆಯ ವಾಕ್ಯವೃಂದದ ಮುಖ್ಯ ಕಾರ್ಯವೇನು’ ಎಂಬ ಪ್ರಶ್ನೆ ನೇರವಾಗಿಯೇ ಬರುತ್ತದೆ. ಕ್ಲ್ಯಾಟ್‌ನಲ್ಲಿ ಅದರ ರೂಪ ಹೆಚ್ಚಾಗಿ ಪರೋಕ್ಷ: ‘ಲೇಖಕರು ಈ ನಿದರ್ಶನವನ್ನು ಏಕೆ ತಂದಿದ್ದಾರೆ’, ‘ಲೇಖಕರು ಒಪ್ಪಬಹುದಾದ ಹೇಳಿಕೆ ಯಾವುದು’ ಎಂಬಂತೆ. ಗದ್ಯಭಾಗದಲ್ಲಿರುವ ಬೇರೆ ಬೇರೆ ವಾದಗಳನ್ನೂ ದೃಷ್ಟಿಕೋನಗಳನ್ನೂ ಹೋಲಿಸಿ ನೋಡುವ ಶಕ್ತಿಯನ್ನು ಪರೀಕ್ಷೆಯ ಪಠ್ಯಕ್ರಮವೇ ಹೆಸರಿಸಿ ಕೇಳುತ್ತದೆ. ಪ್ರಶ್ನೆಯ ರೂಪ ಯಾವುದಾದರೂ ಉತ್ತರಕ್ಕೆ ಬೇಕಾದ ತಿಳಿವಳಿಕೆ ಒಂದೇ: ಗದ್ಯದ ಒಂದು ಭಾಗ ಇನ್ನೊಂದು ಭಾಗಕ್ಕೆ ಏನಾಗಬೇಕು ಎಂಬುದು.

ಕ್ಲ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಪ್ರಾದೇಶಿಕ ಭಾಷೆಗಳಲ್ಲಿಯೂ ಅದು ನಡೆಯಬೇಕೆಂಬ ಕೋರಿಕೆ 2023ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಮಂಗಳೂರಿನ ಸುತ್ತಮುತ್ತ ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಆಡಿ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು, ಪದವಿಪೂರ್ವ ಹಂತದಲ್ಲಿ ಇಂಗ್ಲಿಷಿಗೆ ದಾಟುವ ವಿದ್ಯಾರ್ಥಿಗಳು ಅನೇಕರು. ಅವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಪದಸಂಪತ್ತನ್ನು ಹೆಚ್ಚಿಸಿಕೊಳ್ಳಿ ಎಂಬುದು. ಸಲಹೆ ತಪ್ಪಲ್ಲ, ಆದರೆ ಪ್ರತಿಯೊಂದು ಪದದ ಅರ್ಥ ತಿಳಿದ ಮೇಲೂ ಉಳಿಯುವ ಒಂದು ಕಷ್ಟವಿದೆ. ಈ ಲೇಖನದ ವಿಷಯ ಆ ಕಷ್ಟವೇ.

2. ವಿಷಯ ಮತ್ತು ಸಂಗತಿ

ವಾಕ್ಯವೃಂದವನ್ನು ಸ್ವಯಂಪೂರ್ಣ ಘಟಕವೆಂದು ನೋಡುವ ದೃಷ್ಟಿಗೆ ದೀರ್ಘ ಇತಿಹಾಸವಿದೆ. 1866ರಲ್ಲಿ ಅಲೆಗ್ಸಾಂಡರ್ ಬೇನ್ ಇಂಗ್ಲಿಷ್ ಗದ್ಯರಚನೆಯ ತನ್ನ ಗ್ರಂಥದಲ್ಲಿ ವಾಕ್ಯವೃಂದಕ್ಕೆ ನಿಯಮಗಳನ್ನು ರೂಪಿಸಿದ. ಒಂದು ವಾಕ್ಯವೃಂದಕ್ಕೆ ಒಂದು ವಿಷಯ, ಅದನ್ನು ಸಾರುವ ಒಂದು ಮುಖ್ಯ ವಾಕ್ಯ ಎಂಬ ಪಾಠ ಇಂದಿಗೂ ತರಗತಿಗಳಲ್ಲಿ ನಡೆಯುತ್ತಿದೆ. ಈ ಪಾಠದಿಂದ ವಾಕ್ಯವೃಂದ ಏನು ಹೇಳುತ್ತದೆಂಬುದು ತಿಳಿಯುತ್ತದೆಯೇ ಹೊರತು ಅದು ಅಲ್ಲಿ ಏಕಿದೆಯೆಂಬುದು ತಿಳಿಯುವುದಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿದ್ದು ಸಂಕಥನ ವಿಶ್ಲೇಷಣೆ. ವಿಲಿಯಂ ಮ್ಯಾನ್ ಮತ್ತು ಸಾಂಡ್ರಾ ಥಾಂಪ್ಸನ್ 1988ರಲ್ಲಿ ಪ್ರಕಟಿಸಿದ ಸಿದ್ಧಾಂತದ ಪ್ರಕಾರ ಪಠ್ಯದ ಭಾಗಗಳು ಒಂದಕ್ಕೊಂದು ಕಾರಣ, ನಿದರ್ಶನ, ವೈದೃಶ್ಯ, ರಿಯಾಯಿತಿ ಮೊದಲಾದ ಸಂಬಂಧಗಳಿಂದ ಬೆಸೆದುಕೊಂಡಿರುತ್ತವೆ. ಅಂಥ ಹೆಚ್ಚಿನ ಸಂಬಂಧಗಳಲ್ಲಿ ಒಂದು ಭಾಗ ಕೇಂದ್ರ, ಇನ್ನೊಂದು ಅದಕ್ಕೆ ಪೋಷಕ. ಈ ನೋಟದಲ್ಲಿ ಒಂದು ವಾಕ್ಯವೃಂದದ ಪಾತ್ರವನ್ನು ಅದೊಂದನ್ನೇ ಎಷ್ಟು ಬಾರಿ ಓದಿದರೂ ಹೇಳಲಾಗದು. ಅದೇ ನಾಲ್ಕು ವಾಕ್ಯಗಳು ಒಂದು ಲೇಖನದಲ್ಲಿ ಆಧಾರವಾಗಿಯೂ ಇನ್ನೊಂದರಲ್ಲಿ ಖಂಡನೆಗೆ ಗುರಿಯಾಗಿಯೂ ನಿಲ್ಲಬಲ್ಲವು.

ಭಾರತೀಯ ಶಾಸ್ತ್ರಪರಂಪರೆಗೆ ಈ ಭೇದ ಹೊಸದಲ್ಲ. ಮೀಮಾಂಸೆ ಮತ್ತು ವೇದಾಂತಗಳ ‘ಅಧಿಕರಣ’ವು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಅಂಗಗಳಲ್ಲಿ ಸಾಗುತ್ತದೆ. ಪೂರ್ವಪಕ್ಷವನ್ನು ಗ್ರಂಥಕಾರನೇ ತನ್ನ ಮಾತಿನಲ್ಲಿ, ಎದುರಾಳಿಯೂ ಮೆಚ್ಚುವಷ್ಟು ಬಲವಾಗಿ ಮಂಡಿಸುತ್ತಾನೆ. ಹಾಗೆಂದು ಅದು ಅವನ ಮತವಲ್ಲ. ಈ ಅಂಗಗಳೊಡನೆ ಎಣಿಕೆಯಾಗುವ ಇನ್ನೊಂದು ಪದ ‘ಸಂಗತಿ’. ಇಂದಿನ ಕನ್ನಡದಲ್ಲಿ ಸಂಗತಿಯೆಂದರೆ ವಿಚಾರ, ಸಮಾಚಾರ, ಹೇಳಲಾದ ವಿಷಯ. ಶಾಸ್ತ್ರದಲ್ಲಿ ಸಂಗತಿಯೆಂದರೆ ಹಿಂದಿನದಕ್ಕೂ ಮುಂದಿನದಕ್ಕೂ ಇರುವ ಹೊಂದಿಕೆ, ಸಂಬಂಧ. ಪಾತ್ರವನ್ನು ಕೇಳುವ ಪ್ರಶ್ನೆಗೆ ವಿಷಯವನ್ನು ಉತ್ತರವಾಗಿ ಕೊಡುವ ಪರೀಕ್ಷಾರ್ಥಿಯು ಶಾಸ್ತ್ರದ ‘ಸಂಗತಿ’ಯನ್ನು ಕೇಳಿದಾಗ ವ್ಯವಹಾರದ ‘ಸಂಗತಿ’ಯನ್ನು ಕೊಟ್ಟಂತಾಗುತ್ತದೆ.

3. ಒಂದು ಮಾದರಿ

ವಿಶ್ಲೇಷಣೆಗಾಗಿ ರಚಿಸಿದ ಒಂದು ಕಿರು ಗದ್ಯಭಾಗವನ್ನು ಇಲ್ಲಿ ಕೊಡಲಾಗಿದೆ. ಪರೀಕ್ಷೆಯ ಗದ್ಯಭಾಗಗಳಿಗಿಂತ ಇದು ಚಿಕ್ಕದು. ರಚನೆ ಮಾತ್ರ ಅವುಗಳದೇ.

(1) 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯು ದಕ್ಷಿಣ ಕನ್ನಡದ ಅವಿಭಕ್ತ ಕುಟುಂಬಗಳನ್ನು ಒಡೆಯಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ತಾಯಿಯ ಕಡೆಯಿಂದ ಸಂತತಿಯನ್ನು ಎಣಿಸುವ ಈ ಕುಟುಂಬಗಳ ಚರಿತ್ರೆಯನ್ನು ಕಾಯ್ದೆಗೆ ಮೊದಲು, ಕಾಯ್ದೆಯ ಅನಂತರ ಎಂದು ಎರಡಾಗಿ ನೋಡುವುದು ರೂಢಿಯಾಗಿದೆ.

(2) ಕಾಯ್ದೆಗೆ ಮುನ್ನ ಕುಟುಂಬದ ಯಾವ ಸದಸ್ಯರಿಗೂ ಪಾಲನ್ನು ಹಕ್ಕಿನಿಂದ ಕೇಳಿ ಪಡೆಯುವ ಅವಕಾಶವಿರಲಿಲ್ಲ. ಆಸ್ತಿಯ ಆಡಳಿತ ಯಜಮಾನನ ಅಥವಾ ಯಜಮಾನಿಯ ಕೈಯಲ್ಲಿತ್ತು. ಕಾಯ್ದೆಯು ‘ಕವರು’ ಎಂಬ ಕುಟುಂಬಶಾಖೆಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಕೇಳುವ ಹಕ್ಕು ದೊರೆತೊಡನೆ ಒಟ್ಟಾಗಿ ಬಾಳುವ ಬಂಧ ಸಡಿಲವಾಯಿತು.

(3) ಆದರೆ ಎಲ್ಲರ ಒಪ್ಪಿಗೆಯಿಂದ ಆಗುವ ವಿಭಜನೆಗೆ ಹಳೆಯ ಕಟ್ಟಳೆಯಲ್ಲಿಯೂ ಅಡ್ಡಿಯಿರಲಿಲ್ಲ. ಆಸ್ತಿಯನ್ನು ಒಡೆಯದೆಯೇ, ಜೀವನಾಂಶಕ್ಕೆಂದು ಶಾಖೆಗಳಿಗೆ ಬೇರೆ ಬೇರೆ ಭೂಮಿಯನ್ನು ಬಿಟ್ಟುಕೊಡುವ ಏರ್ಪಾಡಿಗೂ ಅವಕಾಶವಿತ್ತು.

(4) ಬೇರೆಯಾಗಿ ಬಾಳುವ ದಾರಿಯನ್ನು ಕಾಯ್ದೆ ಹೊಸದಾಗಿ ತೆರೆಯಲಿಲ್ಲ. ಒಪ್ಪಿಗೆಯನ್ನು ತಡೆಹಿಡಿದು ವಿಭಜನೆಯನ್ನು ನಿಲ್ಲಿಸುತ್ತಿದ್ದವರ ಬಲವನ್ನು ಅದು ಕಳೆಯಿತು. ಕಾಯ್ದೆಯ ಪರಿಣಾಮವನ್ನು ಅಳೆಯಬೇಕಾದುದು ಈ ದೃಷ್ಟಿಯಿಂದ.

ಪ್ರಶ್ನೆ: ಎರಡನೆಯ ವಾಕ್ಯವೃಂದದ ಪಾತ್ರವನ್ನು ಸರಿಯಾಗಿ ಹೇಳುವ ಆಯ್ಕೆ ಯಾವುದು?

(ಅ) ಕಾಯ್ದೆಗೆ ಮೊದಲು ಮತ್ತು ಅನಂತರ ಪಾಲಿನ ಹಕ್ಕು ಹೇಗಿತ್ತೆಂದು ವಿವರಿಸುತ್ತದೆ.
(ಆ) ಲೇಖಕರ ಮುಖ್ಯ ನಿಲುವಿಗೆ ಆಧಾರವನ್ನು ಒದಗಿಸುತ್ತದೆ.
(ಇ) ಲೇಖಕರು ಮುಂದೆ ತಿದ್ದಲಿರುವ ಒಂದು ಅಭಿಪ್ರಾಯಕ್ಕೆ ಇರುವ ಕಾರಣಗಳನ್ನು ಮುಂದಿಡುತ್ತದೆ.
(ಈ) ರೂಢಿಯ ಅಭಿಪ್ರಾಯ ತಪ್ಪೆಂದು ತೋರಿಸುತ್ತದೆ.

ಸರಿಯುತ್ತರ (ಇ). ಉಳಿದ ಮೂರೂ ತಪ್ಪಾಗುವ ಬಗೆ ಬೇರೆ ಬೇರೆಯಾಗಿದ್ದು, ಅವನ್ನು ಬಿಡಿಸಿ ನೋಡುವುದರಲ್ಲಿಯೇ ಪಾತ್ರದ ಸ್ವರೂಪ ತಿಳಿಯುತ್ತದೆ.

(ಅ) ಸುಳ್ಳಲ್ಲ. ವಾಕ್ಯವೃಂದದಲ್ಲಿ ಆ ವಿವರವಿದೆ. ಅದು ಹೇಳುವುದು ವಿಷಯವನ್ನು, ಕೇಳಿದ್ದು ಸಂಬಂಧವನ್ನು. ಪ್ರಶ್ನೆ ಸಿದ್ಧಪಡಿಸುವವರು ಇಂಥ ನಿಜವಾದ ಆದರೆ ಅಪ್ರಸ್ತುತವಾದ ಆಯ್ಕೆಯನ್ನು ಮೊದಲ ಸ್ಥಾನದಲ್ಲಿಟ್ಟರೆ ಅವಸರದ ಓದುಗರು ಮುಂದಿನ ಆಯ್ಕೆಗಳನ್ನು ನೋಡುವುದೇ ಇಲ್ಲ. (ಈ) ತಪ್ಪುವುದು ಸ್ಥಾನದಲ್ಲಿ: ಮೂರನೆಯ ವಾಕ್ಯವೃಂದದ ಕೆಲಸವನ್ನು ಅದು ಎರಡನೆಯದಕ್ಕೆ ಹಚ್ಚುತ್ತದೆ.

ಹೆಚ್ಚು ಸೂಕ್ಷ್ಮವಾದುದು (ಆ). ಎರಡನೆಯ ವಾಕ್ಯವೃಂದದ ಮೊದಲ ಮೂರು ವಾಕ್ಯಗಳನ್ನು ಲೇಖಕರು ಎಲ್ಲಿಯೂ ಅಲ್ಲಗಳೆದಿಲ್ಲ. ನಾಲ್ಕನೆಯ ವಾಕ್ಯವೃಂದದ ನಿಲುವು ಆ ಮಾಹಿತಿಯನ್ನೇ ಬಳಸಿಕೊಂಡಿದೆ. ಲೇಖಕರು ಒಪ್ಪದಿರುವುದು ಕೊನೆಯ ವಾಕ್ಯವೊಂದನ್ನು, ಅಂದರೆ ಆ ಮಾಹಿತಿಯಿಂದ ತೆಗೆದ ತೀರ್ಮಾನವನ್ನು. ಆ ವಾಕ್ಯಕ್ಕೆ ‘ಎನ್ನುತ್ತಾರೆ’ ಎಂಬ ಗುರುತಿಲ್ಲ. ಲೇಖಕರದೇ ಮಾತೆಂಬಂತೆ ಅದು ನಿಂತಿದೆ. ಅದರ ಒಡೆತನ ತಿಳಿಯಬೇಕಾದರೆ ಹಿಂದೆ ಹೋಗಿ, ‘ಸಾಮಾನ್ಯವಾಗಿ ಹೇಳಲಾಗುತ್ತದೆ’ ಎಂಬ ಮೊದಲ ವಾಕ್ಯದ ಆಳ್ವಿಕೆ ಎರಡನೆಯ ವಾಕ್ಯವೃಂದದ ಕೊನೆಯವರೆಗೂ ಚಾಚಿದೆಯೆಂದೂ ‘ಆದರೆ’ ಬಂದಾಗ ಮಾತ್ರ ಅದು ಮುಗಿಯಿತೆಂದೂ ಕಾಣಬೇಕು. ಮಾಹಿತಿಯನ್ನು ಒಪ್ಪಿಯೂ ತೀರ್ಮಾನವನ್ನು ಒಪ್ಪದಿರುವುದು ಸಾಧ್ಯ. ಕಾನೂನಿನ ಬಹಳಷ್ಟು ವಾದಗಳು ನಡೆಯುವುದೇ ಹೀಗೆ.

4. ಮೂರು ಪ್ರಶ್ನೆಗಳು, ಎರಡು ಪರೀಕ್ಷೆಗಳು

ಮೇಲಿನ ವಿಶ್ಲೇಷಣೆಯಿಂದ ಪಾತ್ರಕ್ಕೆ ಮೂರು ಅಂಗಗಳಿರುವುದು ಸ್ಪಷ್ಟವಾಗುತ್ತದೆ. ಮೊದಲನೆಯದು ದನಿ: ಇದು ಯಾರ ಮಾತು? ಎರಡನೆಯದು ಆಲಂಬನ: ಇದು ಗದ್ಯಭಾಗದ ಯಾವ ಮಾತಿಗೆ ಅಂಟಿಕೊಂಡಿದೆ? ಮೂರನೆಯದು ಕೆಲಸ: ಆ ಮಾತನ್ನು ಇದು ಸಮರ್ಥಿಸುತ್ತದೆಯೋ, ವಿವರಿಸುತ್ತದೆಯೋ, ಮಿತಿಗೊಳಿಸುತ್ತದೆಯೋ, ಖಂಡಿಸುತ್ತದೆಯೋ? ಮಾದರಿಯ ಎರಡನೆಯ ವಾಕ್ಯವೃಂದದ ದನಿ ರೂಢಿಯ ಅಭಿಪ್ರಾಯದ್ದು, ಆಲಂಬನ ಮೊದಲನೆಯ ವಾಕ್ಯವೃಂದ, ಕೆಲಸ ಸಮರ್ಥನೆ. (ಆ) ಕೆಲಸವನ್ನು ಸರಿಯಾಗಿ ಹೇಳಿ ದನಿ ಮತ್ತು ಆಲಂಬನಗಳಲ್ಲಿ ತಪ್ಪುತ್ತದೆ; (ಈ) ಆಲಂಬನವನ್ನು ಸರಿಯಾಗಿ ಹಿಡಿದು ಕೆಲಸದಲ್ಲಿ ತಪ್ಪುತ್ತದೆ. ತಪ್ಪು ಆಯ್ಕೆಯೊಂದನ್ನು ತಳ್ಳಿಹಾಕುವಾಗ ಅದು ಯಾವ ಅಂಗದಲ್ಲಿ ತಪ್ಪಿದೆಯೆಂದು ಹೇಳಲು ಬರಬೇಕು. ಬಾರದಿದ್ದರೆ ತಳ್ಳಿಹಾಕಿದ್ದು ಊಹೆಯಿಂದ ಎಂದಾಯಿತು.

ಸಂದೇಹ ಉಳಿದಾಗ ಎರಡು ಸರಳ ಪರೀಕ್ಷೆಗಳು ನೆರವಾಗುತ್ತವೆ. ಒಂದು, ಜೋಡಣೆಯ ಪರೀಕ್ಷೆ. ವಾಕ್ಯವೃಂದದ ಮುಂದೆ ‘ಏಕೆಂದರೆ’, ‘ಆದ್ದರಿಂದ’, ‘ಆದರೆ’, ‘ಉದಾಹರಣೆಗೆ’, ‘ಅಂದರೆ’ ಇವುಗಳಲ್ಲೊಂದನ್ನು ಮನಸ್ಸಿನಲ್ಲಿ ಇರಿಸಿ ಓದುವುದು. ಎರಡನೆಯ ವಾಕ್ಯವೃಂದದ ಮುಂದೆ ‘ಹಾಗೆ ಹೇಳಲು ಕಾರಣವೇನೆಂದರೆ’ ಎಂಬುದು ಸಲೀಸಾಗಿ ಕೂಡುತ್ತದೆ, ‘ಆದರೆ’ ಕೂಡುವುದಿಲ್ಲ. ‘ಹಾಗೆ’ ಎಂಬ ಪದವು ಆಲಂಬನವನ್ನೂ ಬೆರಳಿಟ್ಟು ತೋರಿಸುತ್ತದೆ. ಇನ್ನೊಂದು, ಲೋಪದ ಪರೀಕ್ಷೆ. ವಾಕ್ಯವೃಂದವನ್ನು ತೆಗೆದುಹಾಕಿದರೆ ಬಡವಾಗುವ ಮಾತು ಯಾವುದು ಎಂದು ನೋಡುವುದು. ಎರಡನೆಯದನ್ನು ತೆಗೆದರೆ ಮೊದಲನೆಯದರ ಅಭಿಪ್ರಾಯ ಕಾರಣವಿಲ್ಲದ ಬರಿಯ ಹೇಳಿಕೆಯಾಗುತ್ತದೆ. ಮೂರನೆಯದನ್ನು ತೆಗೆದರೆ ನಾಲ್ಕನೆಯದರ ನಿಲುವು ಆಧಾರ ಕಳೆದುಕೊಳ್ಳುತ್ತದೆ. ಲೇಖಕರ ಪಕ್ಷದಲ್ಲಿರುವ ಆಧಾರ ಮೂರನೆಯ ವಾಕ್ಯವೃಂದವೇ ಎಂದು ಇದರಿಂದ ಖಚಿತವಾಗುತ್ತದೆ.

5. ಗುರುತಿನ ಸ್ಥಾನ: ಕನ್ನಡ ಮತ್ತು ಇಂಗ್ಲಿಷ್

ಮೂರು ಅಂಗಗಳಲ್ಲಿ ಕನ್ನಡ ಓದುಗರಿಗೆ ಹೆಚ್ಚು ಕಷ್ಟವಾಗುವಂತೆ ತೋರುವುದು ದನಿ. ಇದಕ್ಕೆ ವಾಕ್ಯರಚನೆಯಲ್ಲಿಯೇ ಕಾರಣವಿದೆ.

ಕನ್ನಡ ಕ್ರಿಯಾಂತ್ಯ ಭಾಷೆ. ಹೇಳಿಕೆಯನ್ನು ಕುರಿತ ನಿಲುವು ಹೇಳಿಕೆಯ ಅನಂತರ ಬರುತ್ತದೆ. ‘ಕಾಯ್ದೆ ಕುಟುಂಬವನ್ನು ಒಡೆಯಿತು’ ಎಂಬುದನ್ನು ಕೇಳಿದ ಮೇಲೆ ‘ಎಂದು ಹೇಳಲಾಗುತ್ತದೆ’, ‘ಎಂಬುದು ಸರಿಯಲ್ಲ’, ‘ಎನ್ನಬಹುದು’, ‘-ಅಂತೆ’ ಇವುಗಳಲ್ಲಿ ಯಾವುದು ಬರುತ್ತದೆಂದು ಕಾಯಬೇಕು. ತುಳು ಮತ್ತು ಕೊಂಕಣಿಗಳಲ್ಲಿಯೂ ಉದ್ಧರಣಸೂಚಕ ಹೇಳಿಕೆಯ ಹಿಂದೆಯೇ ಬರುವುದರಿಂದ ಕರಾವಳಿಯ ಬಹುಭಾಷಿಕ ಓದುಗರಿಗೆ ಈ ಕಾಯುವಿಕೆ ಸಹಜವಾಗಿದೆ. ಇಂಗ್ಲಿಷಿನಲ್ಲಿ ಕ್ರಮ ತಿರುಗುಮುರುಗು. ‘ಇಟ್ ಈಸ್ ಆಫನ್ ಸಪೋಸ್ಡ್ ದ್ಯಾಟ್’ ಎಂಬ ಗುರುತು ಮೊದಲೇ ಬಂದು ಹೋಗುತ್ತದೆ. ಅದರ ಹಿಂದಿನ ಹೇಳಿಕೆಯ ಮೇಲೆ ಗಮನ ಕೇಂದ್ರೀಕರಿಸಿದ ಓದುಗರಿಗೆ ವಾಕ್ಯದ ಕೊನೆಯಲ್ಲಿ ಅದನ್ನು ನೆನಪಿಸುವ ಯಾವ ಗುರುತೂ ಸಿಗುವುದಿಲ್ಲ.

ಪರರ ಮಾತು ಒಂದಕ್ಕಿಂತ ಹೆಚ್ಚು ವಾಕ್ಯಗಳಿಗೆ ಚಾಚಿದಾಗ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ. ಇಂಗ್ಲಿಷ್ ಗದ್ಯದಲ್ಲಿ ವಾಕ್ಯವೃಂದದ ತಲೆಯಲ್ಲಿ ಒಮ್ಮೆ ‘ಸಮ್ ಸ್ಕಾಲರ್ಸ್ ಆರ್ಗ್ಯೂ’ ಎಂದರೆ ಸಾಕು. ಮುಂದಿನ ನಾಲ್ಕೈದು ವಾಕ್ಯಗಳು ಅದರ ನೆರಳಿನಲ್ಲಿ ಗುರುತಿಲ್ಲದೆ ಸಾಗಬಹುದು. ಕನ್ನಡದ ವರದಿಯ ಗದ್ಯದಲ್ಲಿ ‘ಎಂದಿದ್ದಾರೆ’, ‘ಎಂಬುದು ಅವರ ವಾದ’ ಎಂಬ ಗುರುತನ್ನು ಮತ್ತೆ ಮತ್ತೆ ತರುವ ಒಲವಿದೆ. ಗುರುತಿಲ್ಲದ ವಾಕ್ಯ ಬರೆದವರದೇ ಎಂದು ತಿಳಿಯುವ ಅಭ್ಯಾಸ ಇದರಿಂದ ಬೆಳೆಯುತ್ತದೆ. ‘ಅವರ ವಾದ ಹೀಗಿದೆ’ ಎಂದು ಆರಂಭಿಸಿ ಗುರುತಿಲ್ಲದೆ ಮುಂದುವರಿಯುವುದು ಕನ್ನಡದಲ್ಲಿಯೂ ಸಾಧ್ಯವೆಂಬುದಕ್ಕೆ ಮೇಲಿನ ಮಾದರಿಯೇ ಸಾಕ್ಷಿ. ಆದ್ದರಿಂದ ಇದು ವ್ಯಾಕರಣದ ನಿಷೇಧವಲ್ಲ, ರೂಢಿಯ ಒಲವು ಮಾತ್ರ.

ರಿಯಾಯಿತಿಯ ರಚನೆಯಲ್ಲಿಯೂ ಇಂಥದೇ ಭೇದವಿದೆ. ‘ಹಕ್ಕು ದೊರೆತರೂ’ ಎಂಬಲ್ಲಿ ‘-ರೂ’ ಎಂಬ ತುದಿ ಮುಂದೆ ತಿರುವು ಬರಲಿದೆಯೆಂದು ಅದೇ ವಾಕ್ಯದೊಳಗೆ ಸಾರುತ್ತದೆ. ಇಂಗ್ಲಿಷ್ ಗದ್ಯಕಾರರು ‘ಟು ಬಿ ಶ್ಯೂರ್’, ‘ಅಡ್ಮಿಟೆಡ್ಲಿ’ ಎಂದು ಆರಂಭಿಸಿ ಒಂದು ಇಡೀ ವಾಕ್ಯವೃಂದವನ್ನು ಎದುರು ಪಕ್ಷಕ್ಕೆ ಬಿಟ್ಟುಕೊಟ್ಟು, ‘ಬಟ್’ ಎಂಬುದನ್ನು ಮುಂದಿನ ವಾಕ್ಯವೃಂದಕ್ಕೆ ಉಳಿಸುವುದುಂಟು. ಪದಕೋಶದ ಅರ್ಥದಲ್ಲಿ ‘ಟು ಬಿ ಶ್ಯೂರ್’ ಖಚಿತತೆಯನ್ನು ಸೂಚಿಸಿದಂತೆ ಕಾಣುತ್ತದೆ. ಬಳಕೆಯಲ್ಲಿ ಅದು ನಮ್ಮ ‘ನಿಜ,... ಆದರೆ’ ಎಂಬುದರ ‘ನಿಜ’. ಈ ಹೊಂದಿಕೆಯನ್ನು ಕಲಿಸಿದರೆ ಹತ್ತು ಹೊಸ ಪದಗಳನ್ನು ಕಲಿಸಿದುದಕ್ಕಿಂತ ಹೆಚ್ಚಿನ ಪ್ರಯೋಜನವಾಗುತ್ತದೆ.

6. ಸಂದರ್ಭ ಮತ್ತು ಸ್ವಾರಸ್ಯ

ತೊಡಕು ಕನ್ನಡದ ಅಭ್ಯಾಸದಿಂದ ಬಂದಿರಬಹುದು. ಪರಿಹಾರದ ಸಾಮಗ್ರಿಯೂ ಕನ್ನಡ ತರಗತಿಯಲ್ಲಿಯೇ ಇದೆ. ಪ್ರೌಢಶಾಲೆಯ ಕನ್ನಡ ಪ್ರಶ್ನೆಪತ್ರಿಕೆಗಳಲ್ಲಿ ‘ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿ’ ಎಂಬ ಪ್ರಶ್ನೆ ಎಲ್ಲರಿಗೂ ಪರಿಚಿತ. ಪಾಠದಿಂದ ಆಯ್ದ ಒಂದು ಮಾತನ್ನು ಕೊಟ್ಟು, ಅದನ್ನು ಯಾರು ಯಾರಿಗೆ ಹೇಳಿದರು, ಯಾವ ಮಾತಿಗೆ ಪ್ರತಿಯಾಗಿ ಹೇಳಿದರು, ಅಲ್ಲಿ ಅದರ ವಿಶೇಷವೇನು ಎಂದು ಬರೆಯಿಸಲಾಗುತ್ತದೆ. ಮಾತಿನ ಸಾರಾಂಶವನ್ನಷ್ಟೇ ಬರೆದವರಿಗೆ ಪೂರ್ಣಾಂಕ ದೊರೆಯದು. ದನಿ, ಆಲಂಬನ, ಕೆಲಸ ಎಂಬ ಮೂರು ಅಂಗಗಳನ್ನು ನಮ್ಮ ವಿದ್ಯಾರ್ಥಿಗಳು ಹೀಗೆ ವರ್ಷಗಳ ಕಾಲ ಅಭ್ಯಾಸ ಮಾಡಿರುತ್ತಾರೆ. ಈ ಅಭ್ಯಾಸ ಕಥೆ, ಕಾವ್ಯ, ನಾಟಕಗಳ ಸಂಭಾಷಣೆಗೆ ಸೀಮಿತವಾಗಿ, ವಿಚಾರಪ್ರಧಾನ ಗದ್ಯದ ವಾಕ್ಯವೃಂದಕ್ಕೆ ವಿಸ್ತರಿಸದೆ ಉಳಿದಿದೆಯೆಂಬುದೊಂದೇ ಕೊರತೆ.

ಸಂಭಾಷಣೆಯಿಂದ ವಾಕ್ಯವೃಂದಕ್ಕೆ ದಾಟುವ ಸೇತುವೆಯಾಗಿ ಕರಾವಳಿಯ ಅಧ್ಯಾಪಕರು ತಾಳಮದ್ದಳೆಯನ್ನು ಬಳಸಬಹುದು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ಬರುವ ವಾಲಿಯ ಕಥೆಯನ್ನು ಕೇಳದವರು ಇಲ್ಲಿ ವಿರಳ. ಮರೆಯಲ್ಲಿ ನಿಂತು ಬಾಣ ಬಿಟ್ಟುದನ್ನು ಪ್ರಶ್ನಿಸುವ ವಾಲಿಯ ಅರ್ಥ ಎಷ್ಟೇ ಪ್ರಬಲವಾಗಿದ್ದರೂ ಶ್ರೋತೃಗಳು ಅದನ್ನು ಪ್ರಸಂಗದ ಕೊನೆಯ ಮಾತೆಂದು ತಿಳಿಯುವುದಿಲ್ಲ. ರಾಮನ ಅರ್ಥಧಾರಿ ಎದುರಿಗೆ ಕುಳಿತಿರುವುದು ಕಾಣುತ್ತಿರುತ್ತದೆ. ಪರೀಕ್ಷೆಯ ಗದ್ಯಭಾಗದಲ್ಲಿ ಒಬ್ಬರೇ ಅರ್ಥಧಾರಿ ಎರಡೂ ಅರ್ಥಗಳನ್ನು ಸ್ವರ ಬದಲಿಸದೆ ಹೇಳುತ್ತಾರೆ. ಯಾವ ವಾಕ್ಯದವರೆಗೆ ವಾಲಿ, ಯಾವ ವಾಕ್ಯದಿಂದ ರಾಮ ಎಂದು ಅಂಚಿನಲ್ಲಿ ಗುರುತು ಮಾಡಿಸುವುದು ತರಗತಿಯಲ್ಲಿ ಸುಲಭವಾಗಿ ನಡೆಸಬಹುದಾದ ಚಟುವಟಿಕೆ.

7. ಪರೀಕ್ಷೆಯ ಆಚೆಗೆ

ಈ ಬಗೆಯ ಓದು ಪರೀಕ್ಷೆಗೆ ಮಾತ್ರ ಬೇಕಾದ ಕೌಶಲವೆಂದು ಭಾವಿಸಲಾಗದು. ನ್ಯಾಯಾಲಯದ ತೀರ್ಪು ಸ್ವಭಾವತಃ ಹಲವು ದನಿಗಳ ಗದ್ಯ. ಮೇಲ್ಮನವಿದಾರರ ವಾದ, ಪ್ರತಿವಾದಿಗಳ ವಾದ, ಕೆಳಗಿನ ನ್ಯಾಯಾಲಯದ ಅಭಿಪ್ರಾಯ, ಹಿಂದಿನ ತೀರ್ಪುಗಳ ಉದ್ಧರಣೆ ಇವೆಲ್ಲ ನ್ಯಾಯಮೂರ್ತಿಗಳ ಲೇಖನಿಯಿಂದಲೇ ಸಂಖ್ಯೆಯಿಟ್ಟ ಕಂಡಿಕೆಗಳಾಗಿ ಬರುತ್ತವೆ. ವಕೀಲರ ವಾದವನ್ನು ಸಂಗ್ರಹಿಸುವ ಕಂಡಿಕೆಯನ್ನು ನ್ಯಾಯಾಲಯದ ನಿರ್ಣಯವೆಂದು ಉಲ್ಲೇಖಿಸಿದರೆ ಕಕ್ಷಿದಾರರಿಗೆ ಹಾನಿಯಾಗುತ್ತದೆ. ನಿರ್ಣಯಕ್ಕೆ ಆಧಾರವಾದ ಮಾತನ್ನು ಪ್ರಾಸಂಗಿಕ ಮಾತಿನಿಂದ ಬೇರ್ಪಡಿಸುವುದೂ ಪಾತ್ರವನ್ನು ನಿರ್ಧರಿಸುವ ಕೆಲಸವೇ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರಿನಲ್ಲಿ ಪ್ರಸಿದ್ಧವಾದ ಮೊಕದ್ದಮೆ ಇದಕ್ಕೆ ದೊಡ್ಡ ನಿದರ್ಶನ. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠವು 11 ಪ್ರತ್ಯೇಕ ಅಭಿಪ್ರಾಯಗಳನ್ನು ನೀಡಿತು. ಬಹುಮತದ ಅಭಿಪ್ರಾಯವೆಂಬ ಒಂದು ಸಂಕ್ಷೇಪಕ್ಕೆ ಸಹಿ ಹಾಕಿದವರು 9 ಮಂದಿ. ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದ ಕೆಡಿಸಲಾಗದೆಂಬ ತತ್ತ್ವ 7 ಮಂದಿಯ ಅಭಿಪ್ರಾಯಗಳಿಂದ ಹೊರಟಿತು. ಆ ದೀರ್ಘ ಅಭಿಪ್ರಾಯಗಳಲ್ಲಿ ಯಾವ ಕಂಡಿಕೆ ಯಾವ ನಿರ್ಣಯವನ್ನು ಹೊರುತ್ತದೆಂಬ ಚರ್ಚೆ ಇಂದಿಗೂ ಕಾನೂನು ತರಗತಿಗಳಲ್ಲಿ ನಡೆಯುತ್ತಿದೆ.

8. ಸಮಾರೋಪ

ವಾಕ್ಯವೃಂದದ ಪಾತ್ರವನ್ನು ಅದರೊಳಗೆ ಹುಡುಕದೆ, ದನಿ, ಆಲಂಬನ, ಕೆಲಸ ಎಂಬ ಮೂರು ಅಂಗಗಳಲ್ಲಿ ಬಿಡಿಸಿ ನೋಡಬೇಕೆಂಬುದು ಈ ಲೇಖನದ ಪ್ರತಿಪಾದನೆ. ಇಲ್ಲಿ ಮಾಡಿರುವುದು ಪಠ್ಯದ ವಿಶ್ಲೇಷಣೆ. ಪರೀಕ್ಷಾರ್ಥಿಗಳ ಉತ್ತರಗಳ ಅಳತೆಯಲ್ಲ. ಗುರುತಿನ ಸ್ಥಾನವನ್ನು ಕುರಿತ ವಿವರಣೆ ಸರಿಯಾಗಿದ್ದರೆ ಅದರಿಂದ ಪರೀಕ್ಷಿಸಬಹುದಾದ ಎರಡು ನಿರೀಕ್ಷೆಗಳು ಹೊರಡುತ್ತವೆ. ಕನ್ನಡ ಮಾಧ್ಯಮದ ಓದುಗರ ತಪ್ಪುಗಳು ಎಲ್ಲ ವಾಕ್ಯವೃಂದಗಳಲ್ಲಿ ಸಮನಾಗಿ ಹಂಚಿಹೋಗದೆ, ಪರರ ಅಭಿಪ್ರಾಯ ಗುರುತಿಲ್ಲದೆ ಮುಂದುವರಿಯುವ ಕಡೆ ದಟ್ಟವಾಗಿರಬೇಕು. ಅದೇ ಗದ್ಯಭಾಗದ ಪ್ರತಿ ವಾಕ್ಯಕ್ಕೂ ಅಭಿಪ್ರಾಯದ ಒಡೆತನವನ್ನು ಸೂಚಿಸುವ ಗುರುತು ಸೇರಿಸಿ ಕೊಟ್ಟಾಗ, ಪದಗಳ ಕಾಠಿಣ್ಯ ಹಾಗೆಯೇ ಇದ್ದರೂ, ಆ ತಪ್ಪುಗಳು ಕಡಿಮೆಯಾಗಬೇಕು. ಎರಡೂ ನಿಜವಾದರೆ ಕನ್ನಡ ಮಾಧ್ಯಮದಿಂದ ಬಂದವರ ಸಿದ್ಧತೆಯು ಪದಪಟ್ಟಿಯ ಜೊತೆಗೆ ಸಂದರ್ಭ-ಸ್ವಾರಸ್ಯದ ಟಿಪ್ಪಣಿಯಿಂದಲೂ ಆರಂಭವಾಗಬೇಕಾಗುತ್ತದೆ. ಆ ಪಾಠವನ್ನು ಕಲಿಸಲು ಬೇಕಾದ ಅನುಭವ ಕನ್ನಡ ಅಧ್ಯಾಪಕರಲ್ಲಿ ಈಗಾಗಲೇ ಇದೆ.